ಕೆಳಗೆ ಹೋದ ಕಲ್ಲು

ತಮಿಳುನಾಡಿನ ಪೆನ್ನಾಗರಂ ಕಡೆಯ ನಮ್ಮ ಹಳ್ಳಿಗೆ ಬೋರ್‌ವೆಲ್ ಲಾರಿ ಇನ್ನೂ ದಾರಿ ಕಂಡುಕೊಂಡಿರದ ಕಾಲ ಅದು. ಹೊಲಕ್ಕೊಂದು ಬಾವಿ, ಬಾವಿಗೊಂದು ಮೋಟಾರು, ಮೋಟಾರಿಗೆ ತನಗೆ ಮನಸ್ಸಾದಾಗ ಬರುವ ಕರೆಂಟು. ಬೇಸಗೆ ಹತ್ತಿರವಾಯಿತೆಂದರೆ ಇಡೀ ಊರು ಹುಣಸೆಹಣ್ಣಿನ ವಾಸನೆ ಹೊಡೆಯುತ್ತಿತ್ತು. ಮನೆಮನೆಯ ಜಗಲಿಯಲ್ಲೂ ಹೆಂಗಸರು ಕಾಲು ಚಾಚಿ ಕೂತು, ಓಡು ಬಿಡಿಸಿ, ಹಣ್ಣನ್ನು ಕಲ್ಲಿನ ಮೇಲಿಟ್ಟು ಬಡಿದು ಬೀಜ ತೆಗೆಯುವರು. ನಮ್ಮಂಥ ಮಕ್ಕಳ ಬೆರಳೆಲ್ಲ ಅಂಟು, ಹಲ್ಲೆಲ್ಲ ಚುಳು ಚುಳು. ತಿಂದು ತಿಂದು ನಾಲಿಗೆ ಸಿಪ್ಪೆ ಸುಲಿದು, ರಾತ್ರಿ ಮುದ್ದೆಗೆ ಹುರುಳಿ ಸಾರು ಬಿದ್ದರೆ ಉರಿಗೆ ಕಣ್ಣಲ್ಲಿ ನೀರು. ಆದರೂ ಬೆಳಗಾದರೆ ಮತ್ತೆ ಅದೇ. ಈಗಲೂ ಎಲ್ಲಾದರೂ ಹಸಿ ಹುಣಸೆಹಣ್ಣಿನ ವಾಸನೆ ಮೂಗಿಗೆ ಬಿದ್ದರೆ ನನಗೆ ಮೊದಲು ನೆನಪಾಗುವವಳು ನನ್ನ ತಂಗಿ ಸೆಲ್ವಿ. ಅವಳ ಹಿಂದೆಯೇ ನಮ್ಮ ಬಾವಿ.

ಆ ವರ್ಷ ನಾನು ಆರನೇ ಕ್ಲಾಸು, ಅವಳು ಎರಡನೇ ಕ್ಲಾಸು. ಅಪ್ಪ ಹೊಸೂರಿನಲ್ಲಿ ಕಟ್ಟಡದ ಕೆಲಸಕ್ಕಿದ್ದು ತಿಂಗಳಿಗೊಮ್ಮೆ ಬಂದುಹೋಗುತ್ತಿದ್ದರು. ಮನೆಯಲ್ಲಿ ಅಜ್ಜಿ, ಅವ್ವ, ನಾವಿಬ್ಬರು, ಒಂದಷ್ಟು ಆಡು. ಮನೆಯಲ್ಲಿ ಕನ್ನಡ, ಸ್ಕೂಲಿನಲ್ಲಿ ತಮಿಳು. ನಡುವಿನ ದಾರಿಯಲ್ಲಿ ಯಾವುದು ಬಾಯಿಗೆ ಬಂತೋ ಅದು. ಅಜ್ಜಿ ಅಪ್ಪನ ತಾಯಿ. ಬೆಳಗ್ಗೆ ಎದ್ದಾಗ ಶುರುವಾದ ಅವಳ ಮಾತು ಸಂಜೆ ದೀಪ ಹಚ್ಚುವಾಗಲೂ ನಿಂತಿರುತ್ತಿರಲಿಲ್ಲ. ಅವ್ವ ಅದಕ್ಕೆ ತದ್ವಿರುದ್ಧ. ಅವಳ ತವರು ಕೊಳತ್ತೂರಿನ ಕಡೆ, ಮೇಟೂರು ಡ್ಯಾಮಿನ ಹಿನ್ನೀರಿನ ದಡದಲ್ಲಿ. ಆ ಊರಿನ ಬಗ್ಗೆ ಅವಳು ಹೇಳಿದ್ದೇ ಕಡಿಮೆ. ನಾವು ಕೇಳಿದ್ದೂ ಕಡಿಮೆ.

ಬಾವಿ ಹೊಲದ ಮೂಲೆಯಲ್ಲಿತ್ತು, ಹುಣಸೆಮರದಿಂದ ಕೂಗಿದರೆ ಕೇಳುವಷ್ಟು ದೂರ. ಅಗಲವಾದ ಚೌಕ ಬಾವಿ. ಒಳಗೋಡೆಯಿಂದ ಉದ್ದನೆಯ ಚಪ್ಪಡಿಗಳು ಹೊರಚಾಚಿಕೊಂಡಿದ್ದವು, ಅವೇ ಮೆಟ್ಟಿಲು. ಒಂದು ಪಕ್ಕ ಗೋಡೆ, ಇನ್ನೊಂದು ಪಕ್ಕ ಏನೂ ಇಲ್ಲ. ಆ ಮೆಟ್ಟಿಲುಗಳು ನೀರಿನವರೆಗೆ ಇಳಿದು, ನೀರೊಳಗೂ ಮುಂದುವರಿದು, ಹಸಿರಾಗಿ, ಆಮೇಲೆ ಕಪ್ಪಾಗಿ ಮಾಯವಾಗುತ್ತಿದ್ದವು. ಮಳೆಗಾಲದಲ್ಲಿ ಕೆಂಪು ನೀರು. ಬೇಸಗೆಯಲ್ಲಿ ಮಣ್ಣೆಲ್ಲ ತಳ ಹಿಡಿದು ಎಷ್ಟು ತಿಳಿಯಾಗುತ್ತಿತ್ತೆಂದರೆ, ಮುಳುಗಿದ ಮೆಟ್ಟಿಲ ಮೇಲಿನ ಪಾಚಿಯ ಎಳೆ ಎಳೆಯೂ ಕಾಣುತ್ತಿತ್ತು. ಊರಿನ ಹುಡುಗರು ದಂಡೆಯಿಂದ ಧುಮುಕಿ ಈಜುತ್ತಿದ್ದರು. ಹೆಣ್ಣುಮಕ್ಕಳಿಗೆ ಕೊನೆಯ ಒಣ ಮೆಟ್ಟಿಲವರೆಗೆ ಮಾತ್ರ ಅಪ್ಪಣೆ. ಅದು ಅಜ್ಜಿಯ ಕಾನೂನು. ಅಜ್ಜಿ ಸ್ವತಃ ಆ ಮನೆಗೆ ಸೊಸೆಯಾಗಿ ಬಂದ ದಿನದಿಂದ ಆ ನೀರಿಗೆ ಕಾಲಿಟ್ಟವಳಲ್ಲ.

ಅವತ್ತು ಭಾನುವಾರ. ಅವ್ವ, ಅಜ್ಜಿ ಮರದಡಿ ಉದುರಿದ ಹಣ್ಣು ಆರಿಸುತ್ತಿದ್ದರು. ಆಡುಮರಿಗಳಿಗೆ ನೀರು ತರಲು ನಾನೂ ಸೆಲ್ವಿಯೂ ಬಾವಿಗೆ ಹೋದೆವು. ನಾನು ಬಕೆಟ್ಟು ಹಿಡಿದು ನಾಲ್ಕೈದು ಮೆಟ್ಟಿಲು ಮೇಲಿದ್ದೆ. ಅವಳು ಹಿತ್ತಾಳೆ ಚೊಂಬು ಹಿಡಿದು ಕುಣಿಯುತ್ತ ಮುಂದೆ ಇಳಿದಳು. ಮೊಗೆಯಲು ಬಗ್ಗಿದಾಗ ಚೊಂಬು ಕೈಜಾರಿ ಗುಳುಗುಳು ಅಂತ ಮುಳುಗಿ, ನೀರೊಳಗಿನ ಮೆಟ್ಟಿಲ ಮೇಲೆ ಕೂತುಬಿಟ್ಟಿತು. ಬಿಸಿಲಿಗೆ ಫಳಫಳ ಹೊಳೆಯುತ್ತಿದ್ದುದು ನನಗೂ ಕಾಣಿಸಿತು.

"ಅಕ್ಕಾ, ಇಗಾ, ಇಲ್ಲೇ ಐತೆ!"

"ಬ್ಯಾಡ ಬಿಡೇ, ಅವ್ವನ್ನ ಕರಿಯಾನ."

"ಮೊಣಕಾಲುದ್ದ ನೀರು ಕಣೇ. ಕಾಣಾಕಿಲ್ವಾ ನಿಂಗೆ?"

ಹಾಗೆಂದವಳೇ ಪಾವಡೆ ಎತ್ತಿ ಹಿಡಿದು ಆ ಕಲ್ಲಿನ ಮೇಲೆ ಕಾಲಿಟ್ಟಳು. ಇಡಲು ಹೋದಳು ಅನ್ನಬೇಕು. ಕಾಲು ಇಳಿಯಿತು, ಇನ್ನೂ ಇಳಿಯಿತು, ಕಲ್ಲು ಸಿಗಲಿಲ್ಲ. ಮೈ ವಾಲಿತು. ಗೋಡೆಯಿಲ್ಲದ ಪಕ್ಕಕ್ಕೆ ಅವಳು ಹೋದದ್ದು, ಪಾವಡೆ ಒಂದು ಕ್ಷಣ ಹೂವಿನ ಹಾಗೆ ನೀರ ಮೇಲೆ ಅರಳಿದ್ದು, ಆಮೇಲೆ ಅದೂ ಇಲ್ಲದ್ದು ನನ್ನ ಕಣ್ಣಲ್ಲಿ ಇನ್ನೂ ಇದೆ. ನಾನು ಕಿರುಚಿದ ಕಿರುಚಿಗೆ ಆಡುಗಳೆಲ್ಲ ಚದುರಿ ಓಡಿದವು.

ಅವ್ವ ಬಂದದ್ದನ್ನು ನಾನು ನೋಡಲಿಲ್ಲ. ನನ್ನ ತಲೆಯ ಮೇಲಿಂದ ಏನೋ ಹಾರಿಹೋದಂತಾಯಿತು, ಅಷ್ಟೇ. ಉಟ್ಟ ಸೀರೆಯಲ್ಲೇ, ದಂಡೆಯಿಂದಲೇ, ಕೈ ಮುಂದೆ ಮಾಡಿ, ಊರಿನ ಯಾವ ಹುಡುಗನೂ ಹಾರದಷ್ಟು ನೆಟ್ಟಗೆ ಅವ್ವ ನೀರಿಗೆ ಹಾರಿದ್ದಳು. ಎದ್ದಾಗ ಅವಳ ಒಂದು ಕೈಯಲ್ಲಿ ಸೆಲ್ವಿಯ ಜಡೆ. ಇನ್ನೊಂದು ಕೈಯಲ್ಲಿ ನೀರು ಬಗೆಯುತ್ತ ಮೆಟ್ಟಿಲಿಗೆ ಬಂದು, ಅವಳನ್ನು ಮೇಲೆ ತಳ್ಳಿ, ಬೋರಲು ಮಲಗಿಸಿ ಬೆನ್ನು ತಟ್ಟಿದಳು. ಸೆಲ್ವಿ ನೀರು ಕಾರಿದಳು, ಕೆಮ್ಮಿದಳು, ಆಮೇಲೆ ಜೋರಾಗಿ ಅತ್ತಳು. ಅಷ್ಟು ಚೆಂದದ ಅಳುವನ್ನು ನಾನು ಮತ್ತೆ ಕೇಳಿಲ್ಲ.

ಅಜ್ಜಿ ಏದುಸಿರು ಬಿಡುತ್ತ ದಂಡೆಗೆ ಬಂದು ನಿಂತಿದ್ದಳು. ಮೊಮ್ಮಗಳನ್ನು ತಬ್ಬಿ, ಮುತ್ತಿಟ್ಟು, ಬೈದು, ಎಲ್ಲ ಮುಗಿದ ಮೇಲೆ ಸೊಸೆಯ ಕಡೆ ತಿರುಗಿದಳು.

"ಈಜು ಬತ್ತದೆ ಅಂತ ಒಂದ್ ದಿನಾನೂ ಏಳ್ಲಿಲ್ವಲ್ಲೇ ನೀನು?"

ಅವ್ವ ಸೆರಗು ಹಿಂಡುತ್ತ ಅಂದಳು, "ನೀವು ಕೇಳ್ಲಿಲ್ವಲ್ಲ ಅತ್ತೆ."



ಮಗು ಉಳಿಯಿತು, ಕಥೆ ಮುಗಿಯಿತು ಅಂತ ಎಲ್ಲರೂ ಅಂದುಕೊಂಡೆವು. ಆದರೆ ಸೆಲ್ವಿಯದು ಮುಗಿದಿರಲಿಲ್ಲ. "ಏನಾಯ್ತು ಮಗಾ?" ಅಂತ ಯಾರು ಕೇಳಿದರೂ ಅವಳದ್ದು ಒಂದೇ ಮಾತು: "ಕಲ್ಲು ಅಲ್ಲೇ ಇತ್ತು. ನಾನು ಕಾಲಿಟ್ಟೆ. ಅದು ಕೆಳಕ್ಕೆ ಓಯ್ತು."

ಅಜ್ಜಿಗೆ ಅಷ್ಟು ಸಾಕಾಯಿತು. ನೀರಿರುವ ಕಡೆಯೆಲ್ಲ ಏಳು ಜನ ಕನ್ನಿಮಾರು ದೇವಿಯರು ವಾಸವಿರುತ್ತಾರೆಂಬುದು ನಮ್ಮ ಕಡೆಯ ನಂಬಿಕೆ. ಅವರೇ ಕಲ್ಲು ಎಳೆದಿದ್ದಾರೆ, ಏನೋ ಹರಕೆ ಬಾಕಿ ಇದೆ, ಇನ್ನು ಈ ಮನೆಯ ಹೆಣ್ಣುಮಕ್ಕಳು ಬಾವಿ ದಂಡೆಗೂ ಹೋಗಕೂಡದು ಅಂತ ತೀರ್ಪಾಯಿತು. ಸೆಲ್ವಿಯ ತೋಳಿಗೆ ಕೆಂಪು ದಾರ ಬಂತು.

ದಾರದಿಂದ ಭಯ ಹೋಗಲಿಲ್ಲ. ನೀರಿನಿಂದ ಅದು ನೆಲಕ್ಕೆ ಹತ್ತಿತು. ಹೊಸಿಲು ದಾಟುವಾಗ ಸೆಲ್ವಿ ಹೆಬ್ಬೆರಳಿಂದ ಆಚೆಯ ಕಲ್ಲನ್ನು ಒತ್ತಿ ನೋಡಿಯೇ ಕಾಲಿಡುವಳು. ಸ್ಕೂಲಿನ ಮೆಟ್ಟಿಲ ಬುಡದಲ್ಲಿ ನಿಂತು, ನಾನು ಮೊದಲು ಹತ್ತಿ ಕುಣಿದು ತೋರಿಸುವವರೆಗೂ ಬರುತ್ತಿರಲಿಲ್ಲ. ಹುಡುಗರಿಗೆ ಅದೊಂದು ಆಟವಾಯಿತು. "ಕಲ್ಲು ಓಡುದು, ಕಲ್ಲು ಓಡುದು!" ಅಂತ ತಮಿಳಿನಲ್ಲಿ ಕೂಗುತ್ತ ಅವಳ ಸುತ್ತ ಕುಣಿಯುವರು. ಕೆಲವು ದಿನಕ್ಕೆ ಅವಳು ಸ್ಕೂಲಿಗೆ ಬರುವುದನ್ನೇ ಬಿಟ್ಟಳು. ಜಗಲಿಯ ಮೂಲೆಯಲ್ಲಿ ಮೊಣಕಾಲಿಗೆ ಗದ್ದ ಊರಿ ಕೂತುಬಿಡುವಳು. ತಟ್ಟೆಗೆ ಹಾಕಿದ ಮುದ್ದೆ ಹಾಗೇ ಒಣಗುವುದು.

ಅವ್ವ ಅವಳ ಪಕ್ಕ ಕೂತು ತಲೆ ಸವರುತ್ತ ಹೇಳುತ್ತಿದ್ದಳು. "ಕಲ್ಲು ಎಲ್ಲಿಗೂ ಓಗ್ಲಿಲ್ಲ ಮಗ. ನೀರು ಅಂಗೆ ಮೇಲೆತ್ತಿ ತೋರಿಸ್ತದೆ. ನಮ್ಮೂರಲ್ಲಿ ಡ್ಯಾಮ್ ನೀರಾಗೆ ನಮ್ಮಪ್ಪ ಮೀನಿಗೆ ಈಟಿ ಆಕೋವಾಗ, ಮೀನು ಕಾಣೋ ಕಡೆ ಆಕ್ತಾನೇ ಇರ್ಲಿಲ್ಲ. ಅದ್ರಿಂದ ಕೆಳಕ್ಕೆ ಆಕೋರು."

"ಯಾಕೆ?"

"ಅಂಗೇ. ನೀರಿನ ಗುಣ ಅದು."

"ಆದ್ರೆ ನಾನು ನೋಡ್ದೆ ಅವ್ವ," ಅಂತ ಸೆಲ್ವಿ ತಿರುಗಿ ಅದೇ ಮಾತಿಗೆ ಬರುವಳು. "ನನ್ ಕಣ್ಣಾರೆ ನೋಡ್ದೆ."

ಕಣ್ಣಾರೆ ಕಂಡದ್ದನ್ನು ಸುಳ್ಳೆನ್ನುವುದು ಹೇಗೆ? ಅದಕ್ಕಿಂತ ಕಷ್ಟವೆಂದರೆ, ಮೇಲೆ ನಿಂತು ನೋಡಿದ ನನಗೂ ಆ ಕಲ್ಲು ಅಲ್ಲೇ ಕಂಡಿತ್ತು.

ನಮ್ಮ ಸೈನ್ಸ್ ಟೀಚರ್ ಧರ್ಮಪುರಿಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ಎಳೆಯ ವಯಸ್ಸು, ಕನ್ನಡ ಒಂದಕ್ಷರ ಬಾರದು. ಒಂದು ದಿನ ಗಾಜಿನ ಲೋಟದಲ್ಲಿ ನೀರು ತುಂಬಿ ಪೆನ್ಸಿಲ್ ಇಳಿಬಿಟ್ಟರು. ನೀರು ಮುಟ್ಟಿದ ಕಡೆ ಪೆನ್ಸಿಲ್ ಮುರಿದಂತೆ ಕಂಡಿತು. ಬೋರ್ಡಿನ ಮೇಲೆ ದೊಡ್ಡದಾಗಿ ಬರೆದರು: ಒಳಿವಿಲಗಲ್. ಬೆಳಕು ಒಂದರಿಂದ ಇನ್ನೊಂದಕ್ಕೆ ದಾಟುವಾಗ ದಾರಿ ಬಿಟ್ಟು ಓರೆಯಾಗುವುದು.

ಕ್ಲಾಸಿನಲ್ಲಿ ಬಾಯಿಬಿಡದ ನಾನು ಅವತ್ತು ಎದ್ದು ನಿಂತೆ. "ಟೀಚರ್, ಕಿಣತ್ತುಲ ಇರುಕ್ಕುರ ಕಲ್ಲು ಕೂಡ ಮೇಲ ತೆರಿಯುಮಾ?" ಬಾವಿಯೊಳಗಿನ ಕಲ್ಲೂ ಹೀಗೆ ಮೇಲೆ ಕಾಣುತ್ತದೆಯೇ ಅಂತ.

ಹುಡುಗರು ಕಿಸಕ್ಕನೆ ನಕ್ಕರು. ಟೀಚರ್ ನಗಲಿಲ್ಲ. ಯಾವ ಕಲ್ಲು, ಯಾವ ಬಾವಿ ಅಂತ ಕೇಳಿದರು. ನಾನು ಎಲ್ಲ ಹೇಳಿದೆ. ಆಮೇಲೆ ಅವರು ಒಂದು ಬಟ್ಟಲು ತರಿಸಿ, ಒಂದು ಆಟ ತೋರಿಸಿಕೊಟ್ಟು, ಬೋರ್ಡಿನ ಮೇಲೆ ಗೆರೆ ಎಳೆದು ವಿವರಿಸಿದರು. ನೀರೊಳಗಿನ ಕಲ್ಲಿನಿಂದ ಹೊರಟ ಬೆಳಕು ಗಾಳಿಗೆ ಬಂದ ಕೂಡಲೇ ಓರೆಯಾಗಿ ತಿರುಗುತ್ತದೆ. ಕಣ್ಣಿಗೆ ಆ ತಿರುವು ತಿಳಿಯುವುದಿಲ್ಲ. ನೆಟ್ಟಗೇ ಬಂತು ಅಂದುಕೊಂಡು, ಆ ನೇರಕ್ಕೇ ಕಲ್ಲನ್ನು ಹುಡುಕುತ್ತದೆ. ಹಾಗಾಗಿ ಆಳ ಕಡಿಮೆ ಕಾಣುತ್ತದೆ.

"ಉನ್ ತಂಗಚ್ಚಿ ಪೊಯ್ ಸೊಲ್ಲಲೆ," ಅಂದರು ಟೀಚರ್. ನಿನ್ನ ತಂಗಿ ಸುಳ್ಳು ಹೇಳಲಿಲ್ಲ. "ಅವಳ ಕಣ್ಣಿಗೆ ಕಂಡದ್ದು ನಿಜ. ಕಲ್ಲು ಇದ್ದದ್ದು ಬೇರೆ ಕಡೆ, ಅಷ್ಟೇ. ಹೋಗಿ ಹೇಳು."

ಹೇಳಬೇಕು ಸರಿ, ಹೇಗೆ? ಮನೆಗೆ ಬರುವ ದಾರಿಯುದ್ದಕ್ಕೂ ಅದೇ ಯೋಚನೆ. ಪಾಠವೆಲ್ಲ ತಮಿಳಿನಲ್ಲಿ ತಲೆಗೆ ಹೋಗಿತ್ತು. ಒಳಿವಿಲಗಲ್ ಅನ್ನುವುದಕ್ಕೆ ನಮ್ಮ ಮನೆಯ ಮಾತಿನಲ್ಲಿ ಏನನ್ನಬೇಕು? ಅಂಥದ್ದನ್ನು ಕನ್ನಡದಲ್ಲಿ ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. ಜಗಲಿ ಹತ್ತಿ ಚೀಲ ಎಸೆದವಳೇ ಬಾಯಿಗೆ ಬಂದದ್ದನ್ನು ಅಂದೆ:

"ಬೆಳ್ಕು ನೀರಿಂದ ಆಚೆ ಬರೋವಾಗ ಸೊಟ್ಟಗಾಯ್ತದೆ!"

ಹುಣಸೆ ಬಡಿಯುತ್ತಿದ್ದ ಅಜ್ಜಿ ತಲೆಯೆತ್ತಿದಳು. "ಬೆಳ್ಕೇನು ನಿನ್ ಬಳೆಯಾ, ಸೊಟ್ಟಗಾಗಾಕೆ?"

"ಇರು ಅಜ್ಜಿ, ತೋರಿಸ್ತೀನಿ."

ಅಡಿಗೆಮನೆಯಿಂದ ಆಳವಾದ ಕಂಚಿನ ಬಟ್ಟಲು ತಂದೆ. ಅಜ್ಜಿಯ ಮುಂದಿನ ರಾಶಿಯಿಂದ ಒಂದು ಹುಣಸೆಬೀಜ ಎತ್ತಿ, ಅದಕ್ಕೇ ಒಂದಿಷ್ಟು ಹಣ್ಣಿನ ಅಂಟು ಸವರಿ, ಬಟ್ಟಲ ತಳಕ್ಕೆ ಗಟ್ಟಿಯಾಗಿ ಒತ್ತಿದೆ. ಮೂಲೆಯಲ್ಲಿದ್ದ ಸೆಲ್ವಿಯನ್ನು ಎಳೆದು ತಂದು ಮುಂದೆ ಕೂರಿಸಿದೆ.

"ಬೀಜ ಕಾಣ್ತದಾ?"

"ಊಂ."

"ಇಂದಕ್ಕೆ ಜರುಗು. ಇನ್ನೂ. ಈಗ?"

"ಇಲ್ಲ. ಬಟ್ಲು ಅಡ್ಡ ಬತ್ತದೆ."

"ಅಲ್ಲಾಡ್ಬೇಡ. ಅಂಗೇ ನೋಡ್ತಿರು."

ಅವ್ವ ಚೊಂಬಿನಿಂದ ಮೆಲ್ಲಗೆ ನೀರು ಹುಯ್ದಳು. ನೀರು ಏರಿತು. ಸೆಲ್ವಿಯ ಕಣ್ಣು ಅಗಲವಾಗುತ್ತ ಹೋಯಿತು. "ಬಂತು! ಅಕ್ಕಾ, ಬೀಜ ಮೇಲಕ್ಕೆ ಬಂತು!"

"ತೇಲ್ತು, ಅಷ್ಟೇಯ," ಅಂದಳು ಅಜ್ಜಿ.

"ಬೆರಳು ಆಕಿ ನೋಡು ಸೆಲ್ವಿ."

ಅವಳು ಹಿಂಜರಿದಳು. ನೀರಿಗೆ ಕೈ ಹಾಕುವುದೂ ಅವಳಿಗೆ ಆಗ ಕಷ್ಟವೇ. ಅವ್ವ ಅವಳ ಕೈ ಮೇಲೆ ತನ್ನ ಕೈ ಇಟ್ಟಳು. ಎರಡೂ ಬೆರಳು ಒಟ್ಟಿಗೆ ಇಳಿದವು. ಸೆಲ್ವಿ ತಳ ಮುಟ್ಟಿದಳು, ಬೀಜ ಕೆದಕಿದಳು. ಅದು ಅಂಟಿಕೊಂಡೇ ಇತ್ತು. ನೀರು ಚೆಲ್ಲಿದೆವು, ಬೀಜ ಮರೆಯಾಯಿತು. ಹುಯ್ದೆವು, ಬಂತು. ಆಮೇಲೆ ಅಜ್ಜಿಯೇ ಸೊಸೆಯನ್ನು ಪಕ್ಕಕ್ಕೆ ಸರಿಸಿ ಸೆಲ್ವಿಯ ಜಾಗದಲ್ಲಿ ಕೂತಳು. ಒಂದು ಕಣ್ಣು ಮುಚ್ಚಿ ನೋಡಿದಳು, ಇನ್ನೊಂದು ಕಣ್ಣು ಮುಚ್ಚಿ ನೋಡಿದಳು. ಇನ್ನೊಂದು ಸಲ, ಇನ್ನೊಂದು ಸಲ ಅಂತ ಜಗಲಿಯೆಲ್ಲ ಕೆಸರಾಗುವವರೆಗೂ ನಮ್ಮ ಕೈಲಿ ನೀರು ಹುಯ್ಯಿಸಿದಳು.

"ಥೂ ಇದರ," ಅಂದಳು ಕೊನೆಗೆ. "ಇಷ್ಟು ವರ್ಷ ನೀರು ಕುಡಿದೂ ಕುಡಿದೂ, ಇದರ ಕಳ್ಳಬುದ್ಧಿ ಗೊತ್ತಾಗ್ಲಿಲ್ವಲ್ಲ ನಂಗೆ!"

ಸೆಲ್ವಿ ನಕ್ಕಳು. ಎಷ್ಟೋ ದಿನಗಳ ಮೇಲೆ. ನಕ್ಕು, ತಕ್ಷಣ ಗಂಭೀರಳಾಗಿ ಕೇಳಿದಳು: "ಅಂಗಾದ್ರೆ ಬಾವಿ ಕಲ್ಲು ಈಗ್ಲೂ ಅಲ್ಲೇ ಐತಾ?"

ಅವ್ವ ಎದ್ದು ಸೂರಿಗೆ ಸಿಕ್ಕಿಸಿದ್ದ ಬಿದಿರಿನ ಗಳ ತೆಗೆದು ಹೆಗಲ ಮೇಲಿಟ್ಟಳು. "ಬಾ, ಕೇಳಾನ."

ಅಜ್ಜಿ ಬೇಡ ಅನ್ನುತ್ತಾಳೆಂದು ನಾನು ಕಾದೆ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ನಮ್ಮ ಹಿಂದೆಯೇ ಹೊರಟಳು.

ಇಳಿಬಿಸಿಲು ಬಾವಿಯ ಒಂದು ಗೋಡೆಯ ಮೇಲೆ ಮಾತ್ರ ಇತ್ತು. ಅವ್ವ ಸೊಂಟದವರೆಗೆ ನೀರಿಗಿಳಿದು, ಮುಳುಗಿದ ಮೆಟ್ಟಿಲ ಮೇಲೆ ಗೋಡೆಗೆ ಒರಗಿ ನಿಂತು, ಕೈ ಚಾಚಿದಳು. ಸೆಲ್ವಿ ಒಂದೊಂದೇ ಮೆಟ್ಟಿಲನ್ನು ಹೆಬ್ಬೆರಳಿಂದ ಒತ್ತಿ ನೋಡುತ್ತ ಕೊನೆಯ ಒಣ ಕಲ್ಲಿಗೆ ಬಂದಳು. ಅವ್ವ ಗಳದ ತುದಿಯನ್ನು ಅವಳ ಕೈಗೆ ಕೊಟ್ಟಳು. "ಇಳಿಬಿಡು. ನಿನ್ ಕಣ್ಣು ಕಲ್ಲು ಇಲ್ಲೈತೆ ಅಂತದೆ. ಗಳ ಏನಂತದೋ ನೋಡು."

ಗಳ ನೀರಿಗಿಳಿಯಿತು. ನೀರು ಮುಟ್ಟಿದ ಕಡೆ ಅದು ಸೊಟ್ಟಗಾಯಿತು. ಸೆಲ್ವಿ ಗಕ್ಕನೆ ಮೇಲೆಳೆದಳು. ಗಳ ನೆಟ್ಟಗಿತ್ತು. ಮತ್ತೆ ಬಿಟ್ಟಳು. ಕಲ್ಲು ಕಾಣುವ ಆಳದಷ್ಟು ಗಳ ಒಳಗೆ ಹೋಯಿತು, ಅದಕ್ಕಿಂತಲೂ ಹೆಚ್ಚು ಹೋಯಿತು, ಆಮೇಲೆ "ಟಕ್" ಅಂತು. ಸದ್ದು ನಮಗೆ ಅಷ್ಟಾಗಿ ಕೇಳಲಿಲ್ಲ. ಅವಳ ಅಂಗೈಗೆ ಗೊತ್ತಾಯಿತು. ಅವಳು ಮತ್ತೊಮ್ಮೆ ಕುಟ್ಟಿದಳು. ಮತ್ತೊಮ್ಮೆ. ಬಾಗಿಲು ತಟ್ಟಿ ಒಳಗಿನಿಂದ ಉತ್ತರ ಬಂದವಳ ಹಾಗೆ ತಿರುಗಿ ನೋಡಿದಳು.

"ಐತೆ ಅಕ್ಕ," ಅಂದಳು. "ಅಲ್ಲೇ ಐತೆ. ಎಲ್ಲೂ ಓಗ್ಲಿಲ್ಲ."

ದಂಡೆಯ ಮೇಲಿದ್ದ ಅಜ್ಜಿ ಮೂಗು ಒರೆಸಿಕೊಂಡಳು. ಮಾರನೇ ದಿನ ಬಾವಿಗೆ ನಿಂಬೆಹಣ್ಣು ಕೊಯ್ದು ಅರಿಶಿನ ಕುಂಕುಮ ಹಾಕಿದ್ದು ನಿಜ. "ಬೆಳಕಿನ ತಪ್ಪೇ ಇರ್ಲಿ, ಕನ್ನಿಮಾರಿಗೆ ಬೇಜಾರಾಗಬಾರ್ದು," ಅಂದಳು. ಆದರೆ ಪೂಜೆ ಮುಗಿಸಿ ಸೊಸೆಗೆ ಹೇಳಿದ ಮಾತು ಬೇರೆ: "ನೋಡು, ಇವರಿಬ್ಬರಿಗೂ ಈಜು ಕಲ್ಸು. ಬ್ಯಾಡ ಅಂದೋರು ಯಾರು?"



ಆ ಬೇಸಗೆ ರಜೆಯೆಲ್ಲ ನೀರಿನಲ್ಲೇ ಕಳೆಯಿತು. ಬೆಳಗಿನ ಹೊತ್ತು ಮೋಟಾರು ನಿಲ್ಲಿಸಿ, ಹುಡುಗರನ್ನು ಅಜ್ಜಿ ಬೈದು ಓಡಿಸಿದ ಮೇಲೆ ಬಾವಿ ನಮ್ಮದು. ಖಾಲಿ ಎಣ್ಣೆ ಕ್ಯಾನಿಗೆ ಮುಚ್ಚಳ ಬಿಗಿದು, ಹಳೇ ಸೀರೆಯ ತುಂಡಿನಿಂದ ಬೆನ್ನಿಗೆ ಕಟ್ಟಿ, ಅವ್ವ ನಮ್ಮನ್ನು ಹೊಟ್ಟೆಯಡಿ ಹಿಡಿದು ತೇಲಿಸುತ್ತಿದ್ದಳು. ನೀರೊಳಗೆ ಅವ್ವ ಬೇರೆಯೇ ಹೆಂಗಸು. ನಗುತ್ತಿದ್ದಳು, ಕೂಗುತ್ತಿದ್ದಳು, ಮುಳುಗಿ ನಮ್ಮ ಕಾಲು ಎಳೆಯುತ್ತಿದ್ದಳು. ತವರಿನ ಕಥೆಗಳೆಲ್ಲ ಆಗ ಹೊರಗೆ ಬಂದವು. ಬೇರೆ ಮನೆಯ ಹೆಣ್ಣುಮಕ್ಕಳೂ ಒಬ್ಬೊಬ್ಬರಾಗಿ ಬಂದರು. ಹುರಿದ ಕಡಲೆಕಾಯಿಯ ಮೊರ ಮಡಿಲಲ್ಲಿಟ್ಟು ಅಜ್ಜಿ ದಂಡೆಯ ಮೇಲೆ ಕಾವಲು.

ಕ್ಯಾನು ಬಿಚ್ಚಿ ನಾನು ಮೊದಲ ಸಲ ಮುಳುಗಿ ಕಣ್ಣು ತೆರೆದದ್ದು ನೆನಪಿದೆ. ಮೇಲೆ ನೋಡಿದರೆ ಆಕಾಶವೆಲ್ಲ ಮಸುಕಾದ ಒಂದು ದುಂಡು ತಟ್ಟೆಯಾಗಿತ್ತು. ಸುತ್ತ ಕತ್ತಲು. ಬಾವಿಯ ದಂಡೆ, ಮರದ ಕೊಂಬೆ, ಅಜ್ಜಿ ಎಲ್ಲರೂ ಆ ತಟ್ಟೆಯ ಅಂಚಿಗೆ ಬಂದು ನಿಂತು ನನ್ನ ಮೇಲೆ ಬಗ್ಗಿದಂತೆ ಕಾಣುತ್ತಿದ್ದರು. ಎದ್ದು ಉಸಿರೆಳೆದುಕೊಂಡು ಹೇಳಿದೆ. ಸೆಲ್ವಿ ತಾನೂ ನೋಡಬೇಕೆಂದು ಹಟ ಮಾಡಿದಳು, ಮೂಗು ಹಿಡಿದು ಮುಳುಗಿದಳು, ಎದ್ದವಳು ಕೂಗಿದಳು: "ಅಜ್ಜೀ, ನೀನು ನೀರೊಳಗಿಂದ ಎಷ್ಟು ಚೆಂದ ಕಾಣ್ತೀಯ!" ರಜೆಯ ಕೊನೆಯ ವಾರ ಅಜ್ಜಿ ಮೆಟ್ಟಿಲಿಳಿದು ಬಂದು, ಕೊನೆಯ ಒಣ ಕಲ್ಲಿನ ಮೇಲೆ ಕೂತು, ಎರಡೂ ಪಾದಗಳನ್ನು ನೀರಿಗೆ ಬಿಟ್ಟಳು. ಬಹಳ ಹೊತ್ತು ತನ್ನದೇ ಕಾಲನ್ನು ಯಾರದೋ ಕಾಲಿನಂತೆ ನೋಡುತ್ತ ಕೂತಿದ್ದಳು.

ಅಜ್ಜಿ ಹೋಗಿ ಬಹಳ ಕಾಲವಾಯಿತು. ಅವಳ ಹಿಂದೆಯೇ ಬೋರ್‌ವೆಲ್ ಲಾರಿಗಳು ಬಂದವು, ಒಂದಾದ ಮೇಲೊಂದು, ಒಂದಕ್ಕಿಂತ ಒಂದು ಆಳಕ್ಕೆ. ಬಾವಿಯ ನೀರು ಮೆಟ್ಟಿಲು ಮೆಟ್ಟಿಲಾಗಿ ಇಳಿದು ಕಾಣದಾಯಿತು. ನಾನು ಮದುವೆಯಾಗಿ ಕಾರಿಮಂಗಲಕ್ಕೆ ಬಂದ ಮೇಲೆ ಊರಿಗೆ ಹೋದಾಗಲೆಲ್ಲ ಒಣ ಬಾವಿಗೆ ಬಗ್ಗಿ ನೋಡುತ್ತಿದ್ದೆ. ಕಲ್ಲುಗಳೆಲ್ಲ ತಮ್ಮ ತಮ್ಮ ಜಾಗದಲ್ಲೇ ಕಾಣುತ್ತಿದ್ದವು. ಕಣ್ಣಿಗೆ ಮೋಸವಿಲ್ಲ, ನೋಡಲು ಏನೂ ಇಲ್ಲ. ಊರಿನ ಹೆಣ್ಣುಮಕ್ಕಳು ಈಗ ವ್ಯಾನಿನಲ್ಲಿ ಶಾಲೆಗೆ ಹೋಗುತ್ತಾರೆ, ನಮಗಿಂತ ಎಷ್ಟೋ ಹೆಚ್ಚು ಓದುತ್ತಾರೆ. ಆದರೆ ಈಜು ಬರುವವರು ಒಬ್ಬರೂ ಇಲ್ಲ. ನನ್ನ ಮಗಳೂ ಅಷ್ಟೇ. ನಾನು ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುವ ಹುಡುಗಿ ಅವಳು.

ಹೋದ ವರ್ಷ ನಮ್ಮ ಕಡೆ ಒಳ್ಳೆಯ ಮಳೆ. ಊರಲ್ಲೇ ಉಳಿದು ಹೊಲ ನೋಡಿಕೊಳ್ಳುವ ಸೆಲ್ವಿ ಫೋನ್ ಮಾಡಿ, ಬಾವಿಗೆ ನೀರು ಬಂದಿದೆ, ಹೂಳು ತೆಗೆಸಿದ್ದೇನೆ, ಈಗ ತಿಳಿಯಾಗಿದೆ ಅಂದಳು. ಮಗಳನ್ನು ಕರೆದುಕೊಂಡು ಮೊದಲ ಬಸ್ಸಿಗೇ ಹೊರಟೆ. ನಾವು ಹೋಗುವಷ್ಟರಲ್ಲಿ ಅವ್ವ ಆಗಲೇ ನೀರಿನಲ್ಲಿದ್ದಳು. ತಲೆಯೆಲ್ಲ ಬೆಳ್ಳಗೆ, ಭುಜದವರೆಗೆ ನೀರು, ಮುಖದ ಮೇಲೆ ಆ ಹಳೆಯ ನಗು. ಪಕ್ಕದಲ್ಲಿ ಸೆಲ್ವಿಯ ಇಬ್ಬರು ಹೆಣ್ಣುಮಕ್ಕಳು ಕಾಲು ಬಡಿಯುತ್ತಿದ್ದರು.

ನನ್ನ ಮಗಳು ಕೊನೆಯ ಒಣ ಮೆಟ್ಟಿಲ ಮೇಲೆ ನಿಂತು ನೀರೊಳಗೆ ದಿಟ್ಟಿಸಿದಳು. "ಪಾಟ್ಟೀ, ಆಳಮಾ?" ಅಜ್ಜೀ, ಆಳವಾ ಅಂತ, ಎಂದಿನಂತೆ ತಮಿಳಿನಲ್ಲಿ.

ಅವ್ವ ಎರಡೂ ಕೈ ನೀಡಿದಳು.

"ಆಳ ಐತೆ ಮಗ. ನಿಂಗೆ ಕಾಣೋದಕ್ಕಿಂತ ಜಾಸ್ತಿನೇ ಐತೆ. ಬಾ, ನಾನಿದೀನಿ."

"ಬತ್ತೀನಿ," ಅಂದಳು ಮಗಳು, ಕನ್ನಡದಲ್ಲಿ.